ಕರಿ ಪರದೆ ಕಾದ ಮರಿಸ್ವಾಮಿ

ಹ್ಞೂಂಗುಟ್ಟುವವರು ಹ್ಞೂಂಗುಟ್ಟಿ, ನಗುವವರು ನಗಿ, ಆದರೆ ಕೆಂಪಾಜಮ್ಮ ಎದುರಿಗಿದ್ದಾಗ ಮಾತ್ರ ನಗಬೇಡಿ. ಅವಳಿಗೆ ಇದ್ದವನು ಒಬ್ಬನೇ ಮಗ, ಮರಿಸ್ವಾಮಿ. ಒಳ್ಳೆಯವನೇ. ಸುಳ್ಳು ಹೇಳಿದವನಲ್ಲ, ಕದ್ದವನಲ್ಲ, ಹೇಳಿದ ಕೆಲಸ ಬಿಟ್ಟವನಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದ. ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತಾ ಕೂರುತ್ತಿದ್ದ, ಕಿಟಕಿಯಿಂದ ಬೆಕ್ಕು ಬಂದು ಹಾಲು ಕುಡಿದು ಹೋಗುತ್ತಿತ್ತು.

ಅವನ ಅಪ್ಪ ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದವನು, ಕೆಲಸದಲ್ಲಿದ್ದಾಗಲೇ ತೀರಿಕೊಂಡ. ಆ ಕನಿಕರಕ್ಕೆ ಮಗನಿಗೆ ಅಲ್ಲೇ ಬೇರೊಂದು ಕೆಲಸ ಕೊಟ್ಟರು. ಆರು ತಿಂಗಳು ನೋಡುತ್ತೇವೆ, ಸರಿಯಾಗಿದ್ದರೆ ಕಾಯಂ, ಇಲ್ಲದಿದ್ದರೆ ಮನೆಗೆ ಅಂದರು. ಕೆಂಪಾಜಮ್ಮನ ಎದೆ ಆಗಲೇ ಕೆಟ್ಟಿತ್ತು. ಇನ್ನೊಂದು ವರ್ಷ ದಾಟಿದರೆ ಹೆಚ್ಚು ಎಂದು ಡಾಕ್ಟರು ಅವಳಿಗೆ ಹೇಳಿದ್ದರು, ಅವಳು ಮಗನಿಗೆ ಹೇಳಿರಲಿಲ್ಲ. ತಾನು ಕಣ್ಣು ಮುಚ್ಚುವುದರೊಳಗೆ ಇವನ ಕೆಲಸ ಕಾಯಂ ಆಗಿಬಿಟ್ಟರೆ ಸಾಕು, ಅದೊಂದೇ ಅವಳ ಆಸೆ.

ಕೆಲಸ ನೆಲಮಾಳಿಗೆಯಲ್ಲಿ. ಆಸ್ಪತ್ರೆಯ ಯಾವ ಮೂಲೆಯಲ್ಲಿ ಯಾರು ಏನು ಪ್ರಿಂಟ್ ಕೊಟ್ಟರೂ ಅದು ಅಲ್ಲಿರುವ ಸರ್ವರ್ ಪೆಟ್ಟಿಗೆಯನ್ನು ಹಾದೇ ಹೋಗಬೇಕು. ಯಾರ ಕಾಗದ ಅಚ್ಚಾಯಿತು, ಯಾರದು ಸಿಕ್ಕಿಹಾಕಿಕೊಂಡಿತು ಎಂದು ಆ ಪೆಟ್ಟಿಗೆ ಒಂದೊಂದೇ ಸಾಲು ಬರೆದಿಡುತ್ತದೆ. ಅದಕ್ಕೆ ಲಾಗ್ ಅನ್ನುತ್ತಾರೆ. ಅಲ್ಲಿನ ಮುಖ್ಯಸ್ಥೆ ವಸುಂಧರಾ ಮೇಡಂ ಒಂದು ರಟ್ಟಿನ ಮೇಲೆ ಇಂಗ್ಲಿಷಿನಲ್ಲಿ ಒಂದೇ ಒಂದು ಸಾಲು ಬರೆದುಕೊಟ್ಟರು. ಕರಿ ಪರದೆಯ ಮೇಲೆ ಅದನ್ನು ಹಾಗೇ ಟೈಪ್ ಮಾಡಿ ಎಂಟರ್ ಒತ್ತಿದರೆ ಲಾಗಿನ ಸಾಲುಗಳು ಒಂದರ ಕೆಳಗೊಂದು ಬರುತ್ತಾ ಹೋಗುತ್ತವೆ.

"ಇದನ್ನ ನೋಡ್ತಾ ಇರಪ್ಪ. ಕಣ್ಣು ಕೀಳಬೇಡ," ಅಂದರು.

"ಆಗ್ಲಿ ಮೇಡಂ."

ಕೂತ. ರಟ್ಟು ನೋಡಿದ, ಸಾಲು ಟೈಪ್ ಮಾಡಿದ, ಎಂಟರ್ ಒತ್ತಿದ. ನೋಡಿದ, ನೋಡಿದ, ನೋಡುತ್ತಲೇ ಇದ್ದ. ಮೇಲೆ ಮಕ್ಕಳ ವಾರ್ಡಿನ ಪ್ರಿಂಟರಿನಲ್ಲಿ ಕಾಗದ ಮುಗಿದು, ಜ್ವರದ ಕೂಸುಗಳನ್ನು ಹೊತ್ತ ತಾಯಂದಿರ ಸಾಲು ಮೆಟ್ಟಿಲ ತನಕ ಬಂತು. ಮೇಡಂ ಓಡಿ ಬಂದರು.

"ಕಾಗದ ಮುಗಿದಿದೆ ಅಂತ ಇಲ್ಲಿ ಬಂದಿರಲಿಲ್ವಾ?"

"ಬಂದಿತ್ತು ಮೇಡಂ."

"ಮತ್ತೆ ನೋಡಲಿಲ್ವಾ?"

"ನೋಡ್ದೆ ಮೇಡಂ. ನಲವತ್ತೊಂದು ಸಲ ಬಂತು. ಒಂದ್ಸಲಾನೂ ಕಣ್ ಕೀಳ್ಲಿಲ್ಲ."

ಸಂಜೆ ಸುದ್ದಿ ಕೇಳಿ ಕೆಂಪಾಜಮ್ಮ ಹಣೆ ಚಚ್ಚಿಕೊಂಡಳು. "ಬರೀ ನೋಡಕ್ಕೆ ನೀನೇನು ಗೋಡೆ ಮೇಲಿನ ಪಟಾನೇನ್ಲಾ? ಕಂಡದ್ದ ಬಾಯ್ಬುಟ್ಟು ಹೇಳ್ಬೇಕು ಕಣ್ಲಾ."

"ಆಗ್ಲಿ ಕಣವ್ವ, ಹೇಳ್ತೀನಿ."

ಮಾರನೇ ದಿನ ಕೂತ. ರಟ್ಟು ನೋಡಿದ, ಸಾಲು ಟೈಪ್ ಮಾಡಿದ, ಎಂಟರ್ ಒತ್ತಿದ. ಒಂದು ಸಾಲು ಬಂತು, ಫೋನೆತ್ತಿದ. ಇನ್ನೊಂದು ಸಾಲು ಬಂತು, ಫೋನೆತ್ತಿದ. ಚಿಕ್ಕತಾಯಮ್ಮನ ಕಾಗದ ಅಚ್ಚಾಯ್ತು ಎಂದು ಎಲ್ಲ ವಾರ್ಡಿಗೂ ಹೇಳಿದ. ದೇವಯ್ಯನ ಕಾಗದ ಅಚ್ಚಾಗ್ತಾ ಇದೆ ಎಂದು ಎಲ್ಲ ವಾರ್ಡಿಗೂ ಹೇಳಿದ. ಅಚ್ಚಾಯ್ತು ಎಂದು ತಿರುಗಿ ಹೇಳಿದ. ಹೆರಿಗೆ ವಾರ್ಡಿನಿಂದ ಡಾಕ್ಟರನ್ನು ಕರೆಯಲು ಫೋನ್ ಬಿಡುವಾಗದೆ ನರ್ಸೊಬ್ಬಳು ಮೂರು ಮಹಡಿ ಓಡಬೇಕಾಯಿತು.

ಮೇಡಂ ಫೋನಿನ ತಂತಿಯನ್ನೇ ಕಿತ್ತರು. "ಸಾಲಿನ ಮೊದಲಿಗೆ ಐ ಅಂತ ಇಂಗ್ಲಿಷ್ ಅಕ್ಷರ ಇದ್ರೆ ಅದು ಸುಮ್ನೆ ಸುದ್ದಿ, ಬಿಟ್ಟುಬಿಡು. ಇ ಅಂತ ಇದ್ರೆ ತೊಂದ್ರೆ. ಅದನ್ನ ಮಾತ್ರ ಹೇಳು. ಫೋನ್ ಮುಟ್ಟಬೇಡ, ಎದ್ದು ಹೋಗಿ ಹೇಳು."

"ಆಗ್ಲಿ ಮೇಡಂ."

ಮೂರನೇ ದಿನ ಕೂತ. ರಟ್ಟು ನೋಡಿದ, ಸಾಲು ಟೈಪ್ ಮಾಡಿದ, ಎಂಟರ್ ಒತ್ತಿದ. ಐ ಬಂತು, ಬಿಟ್ಟ. ಐ ಬಂತು, ಬಿಟ್ಟ. ಇ ಬಂತು, ಎದ್ದ. ಎದ್ದು ಹೋಗಿ ಹೇಳು ಅಂದಿದ್ದರು, ಯಾರಿಗೆ ಅಂದಿರಲಿಲ್ಲವಲ್ಲ. ಗೇಟಿನವನಿಗೆ ಹೇಳಿದ, ಎಳನೀರಿನವಳಿಗೆ ಹೇಳಿದ, ಕ್ಯಾಂಟೀನಿನ ನಡುವೆ ನಿಂತು ಎಲ್ಲರಿಗೂ ಹೇಳಿದ. "ಶಿವಬಸಪ್ಪ ಅನ್ನೋರ ಕಫ ಪರೀಕ್ಷೆ ಕಾಗದ ಅಚ್ಚಾಗ್ಲಿಲ್ಲ." ಆ ಶಿವಬಸಪ್ಪನಿಗೆ ಮುಂದಿನ ವಾರ ಮದುವೆ. ಹೆಣ್ಣಿನ ಸೋದರಮಾವ ಅಲ್ಲೇ ಕಾಫಿ ಕುಡಿಯುತ್ತಿದ್ದ. ಲೋಟ ಇಟ್ಟು ಎದ್ದು ಹೋದವನು, ಗಂಡಿಗೆ ಕ್ಷಯ ಎಂದು ಮದುವೆ ಮುರಿದೇ ಬಿಟ್ಟ.

"ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ಏನೂ ಇಲ್ಲ," ಅಂದರು ಮೇಡಂ.

ಕೆಂಪಾಜಮ್ಮನಿಗೆ ಆ ಸಂಜೆ ಉಸಿರೇ ಹಿಡಿದಂತಾಯಿತು. ಗೋಡೆಗೆ ಒರಗಿ, ಮಗನ ಎರಡೂ ಕೈ ಹಿಡಿದುಕೊಂಡು ಹೇಳಿದಳು. "ಕೇಳ್ಲಾ ಮಗ. ಸಾಲಲ್ಲಿ ಯಾರ ಹೆಸರು ಇರ್ತದೋ ಅವರ ಕಿವಿಗೆ ಮಾತ್ರ ಹೇಳು. ಇನ್ನೊಂದು ನರಪಿಳ್ಳೆಗೂ ಹೇಳ್ಬೇಡ. ಸತ್ರೂ ಹೇಳ್ಬೇಡ."

"ಆಗ್ಲಿ ಕಣವ್ವ."

ಈ ಮಾತು ಹೇಗೋ ನಡೆಯಿತು ನೋಡಿ. ಇ ಬಂದಾಗಲೆಲ್ಲ ಎದ್ದು ಹೋಗುವುದು, ಹೆಸರಿನವರನ್ನು ಹುಡುಕುವುದು, ಕಿವಿಯಲ್ಲಿ ಉಸುರುವುದು. ಅವರೋ ಅವರ ಮನೆಯವರೋ ಕೌಂಟರಿಗೆ ಹೋಗಿ ಕೇಳುತ್ತಿದ್ದರು, ಕೆಲಸ ಆಗುತ್ತಿತ್ತು. ಒಮ್ಮೆ ಎರಡು ದಿನದ ಹಸುಗೂಸಿನ ಕಾಗದ ನಿಂತಿತು. ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲೇ ಹೇಳಿ ಬಂದ. ಬಾಣಂತಿ ಕೇಳಿಸಿಕೊಂಡಳು, ಮೇಡಂ ಕೂಡ ನಕ್ಕು ಸುಮ್ಮನಾದರು. ಐದು ತಿಂಗಳು ಹೀಗೇ ಹೋಯಿತು. ಕಾಲು ಊದಿಕೊಂಡು ಮಲಗಿದ ಕಡೆಯೇ ಮಲಗಿರುತ್ತಿದ್ದ ಕೆಂಪಾಜಮ್ಮನಿಗೆ, ನನ್ನ ಮಗನೂ ಬದುಕಿಕೊಳ್ಳುತ್ತಾನೆ ಅನ್ನಿಸತೊಡಗಿತು.

ಆರು ತಿಂಗಳ ಕೊನೆಯ ದಿನ ಬಂತು. ಅವತ್ತು ಐದು ಗಂಟೆಯೊಳಗೆ ದೊಡ್ಡ ಡಾಕ್ಟರು ಆದೇಶಕ್ಕೆ ರುಜು ಹಾಕಿದರೆ ಕಾಯಂ, ಹಾಕದಿದ್ದರೆ ಅವಧಿ ತಾನಾಗೇ ಮುಗಿದಂತೆ. ಮೇಡಂ ಅವನ ಬಗ್ಗೆ ಚೆನ್ನಾಗಿಯೇ ಬರೆದಿದ್ದರು. ಕೆಂಪಾಜಮ್ಮ ಗೋಡೆ ಹಿಡಿದು ಎದ್ದು, ಕೂತು ಕೂತು ಸುಧಾರಿಸಿಕೊಂಡು ಪಾಯಸ ಮಾಡಿ ಬಾಗಿಲಲ್ಲಿ ಕಾದಳು. ಮಗ ಬರಿಗೈಯಲ್ಲಿ ಬಂದ.

"ಆದೇಶ ಎಲ್ಲಿ ಮಗ?"

"ಬರ್ಲಿಲ್ಲ ಕಣವ್ವ. ಆಫೀಸಿನ ಪ್ರಿಂಟರಲ್ಲಿ ಕಾಗದ ಸಿಕ್ಕಾಕೊಂಡ್ಬುಡ್ತು. ಹನ್ನೊಂದು ಗಂಟೆಗೇ ಇ ಬಂತು."

"ಎಳ್ದಾಕಕ್ಕೆ ಆಗ್ತಿರ್ಲಿಲ್ವಾ?"

"ಒಂದು ನಿಮಿಷದ ಕೆಲಸ ಕಣವ್ವ. ಗುಮಾಸ್ತರು ಅಚ್ಚಾಯ್ತು ಅನ್ಕೊಂಡಿದ್ರು. ಐದಕ್ಕೆ ದೊಡ್ಡ ಡಾಕ್ಟ್ರು ಇದ್ದ ಕಾಗದಕ್ಕೆಲ್ಲ ರುಜು ಹಾಕಿ ಹೊಂಟೋದ್ರು. ನಾಳಿಂದ ಬರ್ಬೇಡ ಕಣಪ್ಪ ಅಂದ್ರು ಮೇಡಂ. ಅವರು ಅಳ್ತಿದ್ರು."

"ಹನ್ನೊಂದಕ್ಕೇ ಕಂಡದ್ದ ಹೇಳಿದ್ಯೇನ್ಲಾ?"

"ಹೇಳ್ದೆ ಕಣವ್ವ. ನೀ ಹೇಳ್ಕೊಟ್ಟಂಗೇ ಹೇಳ್ದೆ."

"ಯಾರಿಗೆ?"

"ಸಾಲಲ್ಲಿ ನನ್ ಹೆಸರೇ ಇತ್ತು. ನಂಗೇ ಹೇಳ್ಕೊಂಡೆ."

ಕೆಂಪಾಜಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು. ಬೈಯಲಿಲ್ಲ. ಬೈಯಬೇಕಾದ್ದು ತನ್ನ ನಾಲಗೆಯನ್ನೇ ಎಂದು ಅವಳಿಗೆ ಗೊತ್ತಾಗಿತ್ತು. ತಾನು ಹೋದ ಮೇಲೆ ಇವನಿಗೆ ಅನ್ನ ಹಾಕುವವರು ಯಾರು ಎಂದು ಯೋಚಿಸಿದಳು, ಒಂದು ಮುಖವೂ ನೆನಪಿಗೆ ಬರಲಿಲ್ಲ. ಎದೆ ಒತ್ತಿಕೊಂಡು ಸುಮ್ಮನೆ ಅತ್ತಳು.

ಬೈಗುಳ ಬರುತ್ತದೆ, ಆಮೇಲೆ ಬುದ್ಧಿಮಾತು ಬರುತ್ತದೆ ಎಂದು ಮರಿಸ್ವಾಮಿ ಕೈಕಟ್ಟಿ ನಿಂತಿದ್ದ. ಎಷ್ಟು ಹೊತ್ತಾದರೂ ಏನೂ ಬರದೆ ಹೋದಾಗ, ಎಲ್ಲಿ ತಪ್ಪಿದೆ ಎಂದು ತಾನೇ ಯೋಚಿಸಿದ. ಹೊಳೆಯಿತು. ಅವ್ವನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಅವಳ ಕಾಲು ಹಿಡಿದುಕೊಂಡ.

"ತಪ್ಪಾಗೋಯ್ತು ಕಣವ್ವ, ಅಳ್ಬೇಡ. ಆ ಸಾಲಲ್ಲಿ ನಿನ್ ಹೆಸರು ಇರ್ಲಿಲ್ಲ. ನಿಂಗೆ ಹೇಳ್ಬಾರ್ದಾಗಿತ್ತು."