ಮರಳಿನ ಮೇಲಿನ ಹೆಜ್ಜೆ

ಬೆಟ್ಟಗಳ ನಡುವಿನ ಹೊಳೆ ಕಣಿವೆಯ ಅಭಯಾರಣ್ಯಕ್ಕೆ ಸಹಕಾರ ಸಂಘದ ಅಧ್ಯಕ್ಷರು ಊಟದ ಬುತ್ತಿ, ಹಾಡು ಹಾಕುವ ಸ್ಪೀಕರ್ ಸಮೇತ ಕಾರಿನಲ್ಲಿ ಬಂದಿಳಿದರು. ಊಟ ಹೊಳೆಯ ಮರಳಲ್ಲೇ ಆಗಬೇಕಂತೆ. ಅಲ್ಲಿ ನೀರುನಾಯಿ ಮರಿ ಹಾಕಿತ್ತು.

“ಬ್ಯಾಡಿ ಸಾಮಿ, ಮರಿಗಳು ಬೆದರ್ತವೆ,” ಅಂದ ಕಾವಲುಗಾರ ಜಡೆಮಾದ.

“ನಿಂಗೆ ನಾಳೆ ಕೆಲಸ ಬೇಕೋ ಬೇಡ್ವೋ?”

ಅಧ್ಯಕ್ಷರು ಜಾಗ ನೋಡುತ್ತ ಮುಂದೆ ನಡೆದರು. ಜಡೆಮಾದ ಹಿಂದಿನಿಂದ ಬಗ್ಗಿ, ಹಸಿ ಮರಳಿಗೆ ಮುಷ್ಟಿ ಒತ್ತಿ, ಅದರ ಮುಂದೆ ನಾಲ್ಕು ಬೆರಳು ಊರುತ್ತ ಬಂದ.

“ಸಾಮಿ, ಒಸಿ ಹಿಂದೆ ತಿರುಗಿ ನೋಡಿ.”

ಅಧ್ಯಕ್ಷರ ಬೂಟಿನ ಗುರುತುಗಳ ಮೇಲೆಯೇ ಹುಲಿ ಹೆಜ್ಜೆ, ಸಾಲಾಗಿ. ಅದರಲ್ಲಿ ನೀರಿನ್ನೂ ಜಿನುಗುತ್ತಿತ್ತು.

ಊಟ, ಸ್ಪೀಕರ್, ಅಧ್ಯಕ್ಷರು ಮೂರೂ ಒಟ್ಟಿಗೇ ಕಾರು ಹತ್ತಿದವು. ಗಾಜು ಏರಿಸಿಕೊಂಡು, ಸಣ್ಣ ಸಂದಿಯಿಂದ ಅಧ್ಯಕ್ಷರು ಕೇಳಿದರು: “ಎಷ್ಟು ದೊಡ್ಡ ಹುಲಿಯಪ್ಪಾ ಅದು?”

ಜಡೆಮಾದ ಕೈಗಂಟಿದ ಮರಳು ಕೊಡವಿಕೊಂಡ.

“ಹೆಚ್ಚುಕಮ್ಮಿ ನನ್ನಷ್ಟೇ ಸಾಮಿ.”