ಬಳೆಗಾರನ 'ಬೇಡ'

"ಗುರುಗಳೇ, ನನ್ನ ಸೋದರಮಾವನಿಗೆ ಲಕ್ವ ಹೊಡೆದು ಮಾತು ನಿಂತಿದೆ. ಏನು ಕೇಳಿದರೂ ಒಂದೇ ಶಬ್ದ ಹೇಳುತ್ತಾರೆ. ಅವರಿಗೆ ಬುದ್ಧಿ ಉಳಿದಿದೆಯೋ ಇಲ್ಲವೋ ಹೇಗೆ ತಿಳಿಯುವುದು?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಹಂಪಣ್ಣ ಎಂಬ ಬಳೆಗಾರನಿದ್ದ. ಬಳೆ ತೊಡಿಸುವಾಗ ಕೈ ನೋಯುವುದು ತಿಳಿಯದಂತೆ ಹೆಂಗಸರನ್ನು ಮಾತಿನಲ್ಲಿ ತೊಡಗಿಸುತ್ತಿದ್ದ. ಸಂಜೆಯಾದರೆ ಊರಿನ ಗವಾಯಿಯ ಮನೆಗೆ ಹೋಗಿ, ಅವನ ಹಾಡಿಗೆ ದನಿಗೂಡಿಸುತ್ತಿದ್ದ.

ಒಂದು ಬೆಳಿಗ್ಗೆ ಲಕ್ವ ಹೊಡೆದು ಹಂಪಣ್ಣನ ಬಲಗೈ ಬಿದ್ದುಹೋಯಿತು. ಮಾತೂ ಹೋಯಿತು. ಉಳಿದದ್ದು 'ಬೇಡ' ಎಂಬ ಶಬ್ದವೊಂದೇ. ಅನ್ನ ಮುಂದಿಟ್ಟರೆ 'ಬೇಡ' ಎನ್ನುತ್ತಿದ್ದ. ಹೆಂಡತಿ ತಟ್ಟೆ ಎತ್ತಿಕೊಂಡು ಹೋದರೆ ಎಡಗೈ ಚಾಚಿ ಅಳುತ್ತಿದ್ದ. ಬುದ್ಧಿ ಕೆಟ್ಟಿದೆ ಎಂದು ನೆರೆಯವರು ಆಡಿಕೊಂಡರು.

ಅವನ ಮಗಳು ಚಂಪವ್ವಳಿಗೆ ಗಂಡು ಗೊತ್ತಾಗಿತ್ತು. ಅವಳು ಮೆಚ್ಚಿದ ಹುಡುಗನೇ. ಬೀಗರು ಬಂದು ವೀಳ್ಯದ ತಟ್ಟೆಯನ್ನು ಹಂಪಣ್ಣನ ಮುಂದಿಟ್ಟು ಒಪ್ಪಿಗೆ ಕೇಳಿದರು.

"ಬೇಡ" ಎಂದ ಹಂಪಣ್ಣ. ಕೂಡಲೇ ಗಾಬರಿಯಾಗಿ ತಲೆ ಅಲ್ಲಾಡಿಸಿ ಮತ್ತೆ, "ಬೇಡ, ಬೇಡ" ಎಂದ.

ಹೆಂಡತಿ ಅವನ ಸ್ಥಿತಿಯನ್ನು ಹೇಳಿಕೊಂಡಳು. ಬೀಗರಲ್ಲಿ ಹಿರಿಯನೊಬ್ಬ, "ಬುದ್ಧಿ ಇದ್ದರೆ ಅವರು ಬೇಡ ಅಂದದ್ದಕ್ಕೆ ಬೇಡವೆಂದೇ ಅರ್ಥ ತಾಯಿ. ಇಲ್ಲದಿದ್ದರೆ ಒಪ್ಪಿಗೆ ಯಾರಿಂದ ಪಡೆಯೋಣ? ಹುಣ್ಣಿಮೆಗೆ ಬಂದು ಇನ್ನೊಮ್ಮೆ ಕೇಳುತ್ತೇವೆ" ಎಂದು ಎದ್ದ. ಅಂದಿನಿಂದ ಚಂಪವ್ವ ತಂದೆಯ ಎದುರಿಗೆ ಬರುವುದನ್ನೇ ಬಿಟ್ಟಳು.

ಸುದ್ದಿ ತಿಳಿದು ಗವಾಯಿ ಬಂದ. ಪಕ್ಕದಲ್ಲಿ ಕುಳಿತು, ಇಬ್ಬರೂ ಎಷ್ಟೋ ಸಲ ಹಾಡಿದ್ದ ಭೂಪ ರಾಗದ ಹಾಡೊಂದನ್ನು ಎತ್ತಿಕೊಂಡ. ಎರಡನೆಯ ಸಾಲಿಗೆ ಹಂಪಣ್ಣ ದನಿ ಸೇರಿಸಿದ. ಒಂದು ಅಕ್ಷರವೂ ತಪ್ಪಲಿಲ್ಲ. ಹೆಂಡತಿ ಒಲೆ ಬಿಟ್ಟು ಓಡಿ ಬಂದಳು.

ಹಾಡು ಮುಗಿದ ಮೇಲೆ ಗವಾಯಿ, "ನೀರು ಕುಡಿಯುತ್ತೀಯಾ?" ಎಂದು ಕೇಳಿದ.

"ಬೇಡ" ಎಂದ ಹಂಪಣ್ಣ. ಅವನ ಕಣ್ಣು ಮಾತ್ರ ಚೆಂಬಿನ ಮೇಲಿತ್ತು.

ಗವಾಯಿ ಅವನ ಎಡಗೈಯನ್ನು ಹಿಡಿದು ತೊಡೆಯ ಮೇಲೆ ತಾಳ ಹಾಕಿಸಿದ. ಆ ಹಾಡಿನ ಸ್ವರಗಳಲ್ಲೇ 'ನೀರು ಕೊಡು' ಎಂದು ಹಾಡಿದ, ಹಾಡಿಸಿದ. ದಿನವೂ ಬಂದ. ಕೆಲವು ದಿನ ಮಾತು ಬರುತ್ತಿತ್ತು. ಕೆಲವು ದಿನ ಬರೀ 'ಬೇಡ' ಬಂದು ಹಂಪಣ್ಣ ಹಣೆ ಚಚ್ಚಿಕೊಳ್ಳುತ್ತಿದ್ದ. ಗವಾಯಿ ಅವಸರ ಮಾಡಲಿಲ್ಲ. ನೀರಿನ ಮಾತು ನಾಲಿಗೆಗೆ ಹತ್ತಿದ ಮೇಲೆ 'ಅನ್ನ ಹಾಕು' ಕಲಿಸಿದ. ಗಂಡ ಮೊದಲ ಸಲ ಹಾಡಿ ಅನ್ನ ಕೇಳಿದಾಗ ಹೆಂಡತಿ ಸೌಟು ಹಿಡಿದುಕೊಂಡೇ ಅತ್ತಳು, ನಕ್ಕಳು.

ಹುಣ್ಣಿಮೆಗೆ ಬೀಗರು ಬಂದರು. ಹಿರಿಯ ಒಪ್ಪಿಗೆ ಕೇಳಿದ. ಹಂಪಣ್ಣನ ತುಟಿ 'ಬೇ' ಎಂದು ತೆರೆಯಿತು. ಬಾಗಿಲ ಮರೆಯಲ್ಲಿ ಚಂಪವ್ವ ಕಣ್ಣು ಮುಚ್ಚಿಕೊಂಡಳು. ಹಂಪಣ್ಣ ಬಾಯಿ ಬಿಗಿಹಿಡಿದ. ಎಡಗೈಯಿಂದ ತೊಡೆ ತಟ್ಟತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ದನಿ ಎದ್ದಿತು.

"ಕೊಟ್ಟೆ... ಮಗಳ ಕೊಟ್ಟೆ..."

ಈ ಮಾತನ್ನು ಗವಾಯಿ ಕಲಿಸಿರಲಿಲ್ಲ.

ಹಿರಿಯ ಜೋರಾಗಿ ನಕ್ಕು, "ಹೀಗೆ ಹಾಡಿ ಹೆಣ್ಣು ಕೊಟ್ಟವರನ್ನು ನಾನು ಕಂಡಿರಲಿಲ್ಲ" ಎಂದು ವೀಳ್ಯ ಎತ್ತಿಕೊಂಡ. ಚಂಪವ್ವ ಬಂದು ತಂದೆಯ ಮಡಿಲಲ್ಲಿ ಮುಖವಿಟ್ಟಳು. ಹಂಪಣ್ಣನ ಮಾತು ಪೂರ್ತಿ ಮರಳಲಿಲ್ಲ. ಬೇಕಾದ್ದನ್ನು ಹಾಡಿ ಕೇಳುತ್ತಿದ್ದ, ಮನೆಯವರಿಗೆ ಅದೇ ರೂಢಿಯಾಯಿತು.

ಶಿಷ್ಯ ನಿರಾಳವಾಗಿ ಉಸಿರು ಬಿಟ್ಟ. "ನಾಳೆಯೇ ಹೋಗಿ ಮಾವನ ಪಕ್ಕ ಕುಳಿತು ಹಾಡುತ್ತೇನೆ" ಎಂದ.

ಗುರುಗಳು ಕೇಳಿದರು: "ಅವರಿಗೆ ಯಾವ ಹಾಡು ಇಷ್ಟ?"