ಗಾಡಿಯಲ್ಲಿ ಕೂತವನ ಒರೆ

"ಗುರುಗಳೇ, ಗವಿಯಲ್ಲಿ ಕೂತರೆ ನನ್ನ ಮನಸ್ಸು ಶಾಂತವಾಗಿರುತ್ತದೆ. ಸಂತೆಗೆ ಹೋದರೆ ಕಂಡವರ ಮೇಲೆಲ್ಲ ರೇಗುತ್ತೇನೆ. ಇನ್ನೊಂದು ವರ್ಷ ಗವಿಯಲ್ಲೇ ಇದ್ದು ಈ ಸಿಟ್ಟನ್ನು ಗೆಲ್ಲಲೇ?" ಎಂದು ಶಿಷ್ಯ ನಂಜಯ್ಯ ಕೇಳಿದ.

"ಅದಿರಲಿ, ಮೊದಲು ಕತೆ ಕೇಳು," ಎಂದರು ಗುರುಗಳು.

ಒಬ್ಬ ಚರ್ಮದ ಕೆಲಸದವನಿದ್ದ. ಪಿಸ್ತೂಲಿಗೆ ಒರೆ ಹೊಲಿಯುವುದರಲ್ಲಿ ಎತ್ತಿದ ಕೈ. ನೆನೆಸಿದ ಚರ್ಮವನ್ನು ಪಿಸ್ತೂಲಿನ ಮೇಲೇ ಒತ್ತಿ, ನೆರಳಲ್ಲಿ ಒಣಗಿಸಿ, ಒಂದು ಕೂದಲೆಳೆ ಆಚೀಚೆ ಆಗದಂತೆ ಕೂರಿಸುತ್ತಿದ್ದ. ಆ ಹೆಮ್ಮೆ ಅವನಿಗೆ ಊಟಕ್ಕಿಂತ ಹೆಚ್ಚು.

ಖಜಾನೆಯ ಹಣ ಸಾಗಿಸುವ ಗಾಡಿಯ ಕಾವಲುಗಾರನೊಬ್ಬ ಅವನಿಂದ ಒರೆ ಹೊಲಿಸಿಕೊಂಡ. ಎಂಟೇ ದಿನಕ್ಕೆ ತಿರುಗಿ ಬಂದ. "ಪಿಸ್ತೂಲು ಬೇಗ ಕೈಗೆ ಬರುವುದಿಲ್ಲ ಅಣ್ಣ. ದಾರಿಯಲ್ಲಿ ಕಳ್ಳರು ಬಂದರೆ ನನ್ನ ಕತೆ ಮುಗಿಯಿತು," ಎಂದ.

ಕೆಲಸದವನು ಅವನನ್ನು ಅಂಗಡಿಯ ಮುಂದೆ ನಿಲ್ಲಿಸಿ ತೆಗೆಸಿ ನೋಡಿದ. ಸರಕ್ಕನೆ ಬಂತು. ಆದರೂ ಚರ್ಮವನ್ನು ಮತ್ತೆ ನೆನೆಸಿ, ಒತ್ತಿ, ಒಣಗಿಸಿ ಕೊಟ್ಟ. ಕಾವಲುಗಾರ ಮತ್ತೆ ಬಂದ. ಈ ಸಲ ಕೆಲಸದವನು ಒಳಗಿನ ಹೊಲಿಗೆ ಬಿಚ್ಚಿ ಹೊಸದಾಗಿ ಹಾಕಿದ. ಕಾವಲುಗಾರ ಮೂರನೆಯ ಸಲವೂ ಬಂದಾಗ ಕೆಲಸದವನಿಗೆ ಪಿತ್ತ ನೆತ್ತಿಗೇರಿತು. "ನನ್ನ ಒರೆ ಸರಿಯಾಗಿದೆ. ಸರಿಯಿಲ್ಲದ್ದು ನಿನ್ನ ಕೈ!" ಎಂದುಬಿಟ್ಟ.

ಕಾವಲುಗಾರ ಒರೆ ಎತ್ತಿಕೊಂಡು ಹೊರಟ. ಆಗ ಕೆಲಸದವನಿಗೆ ಯೋಚನೆ ಹತ್ತಿತು. ನಾಳೆ ಈ ಮನುಷ್ಯ ಸತ್ತರೆ ಆ ಪಾಪ ತನ್ನ ಹೊಲಿಗೆಗೇ ಅಲ್ಲವೇ? ಬೆಳಗಾಗುತ್ತಲೇ ಅಂಗಡಿಗೆ ಬೀಗ ಹಾಕಿ, ಉಳಿ ದಾರ ಹಿಡಿದು ಅವನ ಗಾಡಿ ಹತ್ತಿದ.

ಕಾವಲುಗಾರ ದಿನವಿಡೀ ಹಲಗೆಯ ಮೇಲೆ ಕೂತೇ ಇರುತ್ತಿದ್ದ. ಕೂತೊಡನೆ ಒರೆಯ ತುದಿ ಹಲಗೆಗೆ ತಾಗಿ, ಪಿಸ್ತೂಲಿನ ಹಿಡಿ ಪಕ್ಕೆಗೆ ಒತ್ತಿಕೊಳ್ಳುತ್ತಿತ್ತು. ಅಲ್ಲಿ ಬೆರಳು ಹೋಗುವಂತಿರಲಿಲ್ಲ.

"ಅಯ್ಯೋ ನನ್ನ ಬುದ್ಧಿಗಿಷ್ಟು! ಕೂರುವವನನ್ನು ನಿಲ್ಲಿಸಿ ಅಳತೆ ತೆಗೆದೆನಲ್ಲ!" ಎಂದು ಅವನು ತಲೆ ಚಚ್ಚಿಕೊಂಡ. ಗಾಡಿಯಲ್ಲೇ ನಡುಪಟ್ಟಿಗೆ ಸಿಕ್ಕಿಸುವ ಕುಣಿಕೆ ಬಿಚ್ಚಿ, ಒರೆ ಓರೆಯಾಗಿ ನಿಲ್ಲುವಂತೆ ಹೊಲಿದ. ಕಾವಲುಗಾರ ಕೂತಲ್ಲಿಂದಲೇ ಎಳೆದ. ಪಿಸ್ತೂಲು ಸಲೀಸಾಗಿ ಕೈಗೆ ಬಂತು. ಇಬ್ಬರೂ ನಕ್ಕು, ಬುತ್ತಿ ಬಿಚ್ಚಿ ರೊಟ್ಟಿ ಹಂಚಿಕೊಂಡು ತಿಂದರು.

ಕತೆ ಮುಗಿಯಿತು. "ಹಾಗಾದರೆ ನನಗೆ ಗವಿಗೆ ಅಪ್ಪಣೆ?" ಎಂದ ನಂಜಯ್ಯ.

"ಗವಿಯಲ್ಲಿ ನಿನ್ನನ್ನು ರೇಗಿಸುವವರು ಯಾರಿದ್ದಾರಪ್ಪ? ಚೀಲ ತಗೋ, ಇವತ್ತು ಸಂತೆ," ಎಂದರು ಗುರುಗಳು.

ನಂಜಯ್ಯ ಚೀಲ ಹೆಗಲಿಗೇರಿಸಿ ಸಂತೆಯ ದಾರಿ ಹಿಡಿದ.